ಎರಡನೆಯ ಕರೆಯ ಮಳೆಗಾಲ

ಮೊನ್ನೆ ಭಟ್ಕಳದಿಂದ ಕುಮಟೆಗೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಒಂದು ಹೆಂಗಸಿನ ದನಿ ಕೇಳಿತು. “ಕ್ಯಾನ್ ಯೂ ಹಿಯರ್ ಮಿ? ನನ್ನ ಮಾತು ನಿಮಗೆ ಕೇಳಿಸುತ್ತಿದೆಯಾ? ಈಗ ನೀವು ಹೇಳಿ.” ಅಷ್ಟು ಹೇಳಿ ದನಿ ಸುಮ್ಮನಾಯಿತು. ಬಸ್ಸು ಹೊನ್ನಾವರದ ಸೇತುವೆಯ ಮೇಲಿತ್ತು. ಕಿಟಕಿಗಳೆಲ್ಲ ಮುಚ್ಚಿ ಒಳಗೆ ಒದ್ದೆ ಕೊಡೆಗಳ ವಾಸನೆ ತುಂಬಿತ್ತು. ಹೊರಗೆ ಹೊಳೆ ಯಾವುದು, ಮಳೆ ಯಾವುದು ಎಂದು ಗೊತ್ತಾಗುವ ಹಾಗಿರಲಿಲ್ಲ. ನಾನು ತಿರುಗಿ ನೋಡಲಿಲ್ಲ. ತೊಡೆಯ ಮೇಲಿನ ಚೀಲವನ್ನು ಬಿಗಿಯಾಗಿ ಹಿಡಿದು ಕಾದೆ. ದನಿ ಎರಡನೆಯ ಸಲ ಅದನ್ನೇ ಕೇಳಿತು. ಆಗ ಉಸಿರು ಬಿಟ್ಟೆ. ಯಾರೋ ಕಾಲೇಜಿನ ಹುಡುಗಿ ಫೋನು ನೋಡುತ್ತಿದ್ದಾಳೆ, ಅಷ್ಟೆ. ಇಂಗ್ಲಿಷ್ ಕಲಿಸುವ ಪುಟ್ಟ ವಿಡಿಯೊ. ಬೆರಳು ಆಡಿಸಿ ಮುಂದಕ್ಕೆ ತಳ್ಳದಿದ್ದರೆ ತಾನಾಗಿಯೇ ಮೊದಲಿನಿಂದ ಶುರುವಾಗುವಂಥದ್ದು.

ಎರಡನೆಯ ಸಲ ಕೇಳಿದ್ದಕ್ಕೆ ನನಗೆ ಯಾಕೆ ಸಮಾಧಾನವಾಯಿತು ಎಂದು ಹೇಳಲು ಒಂದು ಮಳೆಗಾಲಕ್ಕೆ ಹೋಗಬೇಕು. ಹೋಗುವ ಮೊದಲು ಒಂದು ಮಾತು. ನನ್ನ ನೆನಪಿನಲ್ಲಿ ಆ ಮಳೆಗಾಲ ಪೂರ್ತಿ ಮುಸ್ಸಂಜೆಯಲ್ಲೇ ನಡೆಯುತ್ತದೆ. ಬೆಳಗುಗಳೂ ಇದ್ದಿರಬೇಕು. ದೋಸೆ ತಿಂದಿರಬೇಕು, ಒಣಗದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿರಬೇಕು, ಬೇಸರಕ್ಕೆ ಜಗಳ ಆಡಿರಬೇಕು. ಅದೊಂದೂ ಸಿಗುವುದಿಲ್ಲ. ನೆನಪು ತನಗೆ ಬೇಕಾದ ಬೆಳಕನ್ನು ತಾನೇ ಆರಿಸಿಕೊಂಡಿದೆ. ಯಾಕೆ ಆ ಬೆಳಕೇ ಎಂದು ಕೇಳಿದರೆ ಅದು ಉತ್ತರ ಕೊಡುವುದಿಲ್ಲ. ಹಾಗಾಗಿ ನಾನು ಹೇಳುವುದರ ಮೇಲೆ ನನಗಿರುವಷ್ಟೇ ಅನುಮಾನ ನಿಮಗೂ ಇರಲಿ.

ನಮ್ಮ ಮನೆ ಧಾರೇಶ್ವರದಿಂದ ಸ್ವಲ್ಪ ಆಚೆ, ಸಮುದ್ರಕ್ಕೆ ಹತ್ತಿರ. ನಡುವೆ ಗಾಳಿಮರದ ಒಂದು ಸಾಲು, ಕಡಲು ಕೊರೆಯದಂತೆ ಹಾಕಿದ ಕಲ್ಲಿನ ಗೋಡೆ, ಅಷ್ಟೆ. ಮಳೆಗಾಲ ಬಂತೆಂದರೆ ಜಗಲಿಯ ಪಡುದಿಕ್ಕಿಗೆ ತೆಂಗಿನ ಮಡ್ಲು, ಅಂದರೆ ಗರಿ, ಹೆಣೆದ ತಟ್ಟಿ ಕಟ್ಟುತ್ತೇವೆ. ಇರಚಲು ಒಳಗೆ ಬರುವುದಿಲ್ಲ. ಆದರೆ ಆಚೆ ಯಾರು ಬಂದು ನಿಂತರೂ ಕಾಣುವುದಿಲ್ಲ. ನಮ್ಮ ಕೇರಿಯ ಒಂದು ಪದ್ಧತಿ ಈ ತಟ್ಟಿಯಿಂದಲೇ ಹುಟ್ಟಿರಬಹುದು ಎಂದು ನನಗೆ ಆಗಾಗ ಅನಿಸುತ್ತದೆ. ಮಳೆಗಾಲದ ಸಂಜೆ ತಟ್ಟಿಯ ಆಚೆಯಿಂದ ಯಾರಾದರೂ ಕರೆದರೆ ಮೊದಲನೆಯ ಕರೆಗೆ ಓಗೊಡಬಾರದು. ಕಡಲಲ್ಲಿ ಹೋದವರು ಒಂದೇ ಸಲ ಕರೆಯುತ್ತಾರೆ, ಬದುಕಿದ್ದವರು ಮತ್ತೆ ಕರೆಯುತ್ತಾರೆ. ಮತ್ತೆ ಕರೆದರೆ ಮಾತ್ರ ಓಗೊಡಲೇಬೇಕು, ಬದುಕಿದ್ದವರನ್ನು ಮಳೆಯಲ್ಲಿ ನಿಲ್ಲಿಸಬಾರದು. ಮೀನು ಮಾರುವವಳು ನಮ್ಮ ಅಂಗಳಕ್ಕೆ ಬಂದರೆ “ಮೀನು ಬೇಕನ್ರೇ” ಎಂದು ಒಮ್ಮೆ ಕೂಗಿ, ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಮತ್ತೊಮ್ಮೆ ಕೂಗುತ್ತಿದ್ದಳು. ನಾವು ಅಷ್ಟರವರೆಗೆ ಒಳಗೆ ಪಾತ್ರೆ ಹಿಡಿದುಕೊಂಡು ನಿಂತಿರುತ್ತಿದ್ದೆವು. ಇದರಲ್ಲಿ ಹೆದರಿಕೆಯ ಮಾತೇನೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಡುವ ಹಾಗೆ ಅದೂ ಒಂದು ರೂಢಿ.

ಮನೆಯಲ್ಲಿ ಆಗ ನಾವು ಮೂವರು ಹೆಂಗಸರು. ನಾನು, ನನ್ನ ಅಬ್ಬೆ, ಮತ್ತು ಅತ್ತಿಗೆ ನಾಗವೇಣಿ. ಅಣ್ಣ ಮಂಜುನಾಥ ಗಲ್ಫ್ ಕಡೆ ಸರಕು ಸಾಗಿಸುವ ಒಂದು ಹಳೆಯ ಹಡಗಿನಲ್ಲಿ ಎಂಜಿನ್ ಕೋಣೆಯ ಕೆಲಸಕ್ಕೆ ಹೋಗಿದ್ದ. ಮಳೆ ಹಿಡಿಯುವ ಹೊತ್ತಿಗೆ ಅವನ ಕೊನೆಯ ಫೋನು ಬಂದಿತ್ತು. “ಬಂದರದ ಹೊರಗೇ ನಿಲ್ಸಿದಾರೆ, ಒಳಗೆ ಬಿಡ್ತಾ ಇಲ್ಲ. ಎಂತದೋ ತಕರಾರು” ಎಂದಿದ್ದ. ಆಮೇಲೆ ಅವನ ಫೋನು ಹತ್ತಲಿಲ್ಲ. ತುರ್ತಿಗೆ ಇರಲಿ ಎಂದು ಅವನೇ ಕೊಟ್ಟಿದ್ದ ಕಂಪನಿಯ ನಂಬರಿಗೆ ನಾನು ಮಾಡಿದೆ. ನಾನು ಬಿ.ಎಡ್. ಮುಗಿಸಿ ಕುಮಟೆಯ ಒಂದು ಶಾಲೆಯಲ್ಲಿ ಕೆಲಸ ಮಾಡಿ, ಆ ವರ್ಷ ಅದೂ ಇಲ್ಲದೆ ಮನೆಯಲ್ಲಿದ್ದೆ. ಆಚೆಯ ಗಂಡಸಿನ ಇಂಗ್ಲಿಷ್ ಅರ್ಥವಾಯಿತು. ತಂಗಿಯ ಹತ್ತಿರ ಏನೂ ಹೇಳುವ ಹಾಗಿಲ್ಲ, ಕಾಗದದಲ್ಲಿ ಹೆಂಡತಿಯ ಹೆಸರಿದೆ, ಹೆಂಡತಿಯೇ ಮಾತಾಡಬೇಕು, ನಡುವೆ ಬೇರೆಯವರು ಬೇಡ ಎಂದ.

“ಹಾಗಾರೆ ನೀನೇ ಹೆಂಡ್ತಿ ಅಂತ ಹೇಳೇ ಶೈಲಾ” ಎಂದಳು ಅಬ್ಬೆ. “ಅವರಿಗೆ ಫೋನಲ್ಲಿ ಮೋರೆ ಕಾಣ್ತದನಾ?”

ನಾನು ಒಂದು ಸಲ ಹೇಳಿ ನೋಡಿದೆ, ಫೋನು ಹಚ್ಚದೆ, ಬರೀ ಬಾಯಲ್ಲಿ. ಇಂಗ್ಲಿಷಿನಲ್ಲಾದರೂ ಬರಲಿಲ್ಲ. ಅಣ್ಣನ ಹೆಂಡತಿ ನಾನು ಎನ್ನುವ ಮಾತು ಯಾವ ಭಾಷೆಯಲ್ಲೂ ಗಂಟಲು ದಾಟುವುದಿಲ್ಲ.

ಅತ್ತಿಗೆ ನಕ್ಕಳು. “ಬಿಡಿ ಅತ್ತೆ, ಇವಳ ಬಾಯಿಗೆ ಹುಳ ಬೀಳ್ತದೆ. ನಾನೇ ಕಲೀತೆ. ಎಷ್ಟಾದ್ರೂ ನನ್ ಗಂಡ ಅಲ್ದಾ, ನಾನೇ ಕೇಳ್ತೆ.”

ಅವಳು ಓದಿದ್ದು ಏಳನೆಯ ತರಗತಿ. ಕುಮಟೆಯ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ ಹತ್ತಿ ಅವಳ ಬೆರಳತುದಿಯ ಚರ್ಮ ಸುಲಿದು ನುಣ್ಣಗಾಗಿತ್ತು. ಹಾಗಾಗಿ ಫೋನು ಅವಳ ಬೆರಳನ್ನು ಗುರುತು ಹಿಡಿಯುತ್ತಿರಲಿಲ್ಲ. “ನಾನು ಯಾರು ಅಂತ ಇದಕ್ಕೇ ಗೊತ್ತಿಲ್ಲ, ಇನ್ನು ಆ ಕಂಪನಿಯವ್ರಿಗೆ ಹೇಗೆ ಗೊತ್ತಾಗೂದು” ಎನ್ನುತ್ತಿದ್ದಳು. ಕಾರ್ಖಾನೆ ಬಿಟ್ಟು ಅವಳು ಮನೆಗೆ ಬರುತ್ತಿದ್ದುದೇ ಮುಸ್ಸಂಜೆಗೆ. ನನ್ನ ನೆನಪಿನ ಬೆಳಕಿಗೆ ಇದು ಒಂದು ಕಾರಣವಿರಬಹುದು. ಬಂದವಳು ಕೈಕಾಲು ತೊಳೆದು, ತಟ್ಟಿಗೆ ಬೆನ್ನು ಹಾಕಿ ಜಗಲಿಯಲ್ಲಿ ಕುಳಿತು, ನಾನು ಹುಡುಕಿಕೊಟ್ಟ ಪಾಠ ಹಚ್ಚುತ್ತಿದ್ದಳು.

ಪಾಠ ಅಂದರೆ ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತಿನದು. ಹಸಿರು ಗೋಡೆಯ ಮುಂದೆ ಒಬ್ಬ ಟೀಚರಮ್ಮ ಕೂತಿರುತ್ತಿದ್ದರು. ಒಂದು ದಿನ ತರಕಾರಿ ಕೊಳ್ಳುವ ಮಾತು, ಒಂದು ದಿನ ಬಸ್ಸಿನಲ್ಲಿ ಆಡುವ ಮಾತು, ಒಂದು ದಿನ ಫೋನಿನ ಮಾತು. ಮೊದಲು ಇಂಗ್ಲಿಷ್, ಆಮೇಲೆ ಕನ್ನಡ, ಆಮೇಲೆ “ಈಗ ನೀವು ಹೇಳಿ” ಎಂದು ಅವರು ನಮ್ಮನ್ನು ನೋಡುತ್ತ ಸುಮ್ಮನಾಗುವರು. ಆ ಸುಮ್ಮನಿರುವ ಹೊತ್ತಿನಲ್ಲಿ ಅವರ ಮುಖ ಅಲ್ಲಾಡುತ್ತಿರಲಿಲ್ಲ. ರೆಪ್ಪೆ ಬಡಿಯುವುದೂ ಕಡಿಮೆ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಮನುಷ್ಯರು ಹಾಗೆ ಇರುವುದಿಲ್ಲ, ಸ್ವಲ್ಪ ಬಗ್ಗುತ್ತಾರೆ, ಹುಬ್ಬು ಎತ್ತುತ್ತಾರೆ. ಇವರು ಬಾಗಿಲಾಚೆ ನಿಂತವರ ಹಾಗೆ ನೆಟ್ಟಗೆ ಕಾಯುತ್ತಿದ್ದರು.

ಅತ್ತಿಗೆ ಮೊದಲನೆಯ ಸಲ ಉತ್ತರ ಕೊಡುತ್ತಿರಲಿಲ್ಲ. ತುಟಿ ಬಿಗಿದು ಕೂರುತ್ತಿದ್ದಳು. ವಿಡಿಯೊ ತಾನಾಗಿ ತಿರುಗಿ ಬಂದು ಮತ್ತೆ ಕೇಳಿದಾಗ ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದಳು.

“ಇದು ಫೋನು ಅತ್ತಿಗೆ, ತಟ್ಟಿಯ ಆಚೆಯಿಂದ ಯಾರೂ ಕರೀತಾ ಇಲ್ಲ” ಎಂದೆ.

“ಮೋರೆ ಕಾಣ್ತದೆ, ಮನುಷ್ಯರು ಕಾಣೂದಿಲ್ಲ. ತಟ್ಟಿಗೂ ಇದಕ್ಕೂ ಎಂತ ವ್ಯತ್ಯಾಸ?” ಎಂದಳು. “ಹೇಗೂ ಮತ್ತೆ ಕೇಳ್ತಾರಲೆ. ಪಾಪ, ಬೇಜಾರಿಲ್ಲದ ಹೆಂಗಸು.”

ಆಗ ನನಗೆ ಹೊಳೆದದ್ದನ್ನು ಹೇಳಲಿಲ್ಲ. ಮತ್ತೆ ಕರೆಯುವವರೆಲ್ಲ ಬದುಕಿದ್ದವರು ಎನ್ನುವ ನಮ್ಮ ಲೆಕ್ಕದಲ್ಲಿ ಈ ಟೀಚರಮ್ಮ ಯಾರಿಗಿಂತಲೂ ಹೆಚ್ಚು ಬದುಕಿದ್ದರು. ಅವರು ಇವತ್ತು ತೀರಿಕೊಂಡರೂ ನಾಳೆ ಎರಡನೆಯ ಸಲ ಕೇಳುತ್ತಾರೆ, ಸಾವಿರದ ಸಲವೂ ಕೇಳುತ್ತಾರೆ. ಅಜ್ಜಂದಿರ ಕಾಲದಿಂದ ಬಂದ ಪರೀಕ್ಷೆಯೊಂದು ನಮ್ಮ ಜಗಲಿಯಲ್ಲಿ, ನಮ್ಮ ಕಣ್ಣೆದುರೇ ಕೆಟ್ಟುಹೋಗುತ್ತಿತ್ತು.

ಟೀಚರಮ್ಮನ ಹಿಂದೆ ಒಂದು ಬಾಗಿಲಿತ್ತು. ಮೊದಲ ಪಾಠಗಳಲ್ಲಿ ಅದು ಮುಚ್ಚಿತ್ತು. ಒಂದು ಸಂಜೆ ಅತ್ತಿಗೆ, “ಇದು ಸ್ವಲ್ಪ ತೆರೆದಿದೆ ನೋಡು” ಎಂದಳು. ಹೌದು, ಬೆರಳು ತೂರುವಷ್ಟು ತೆರೆದಿತ್ತು. ಕೆಲವು ದಿನ ಕಳೆದ ಮೇಲಿನ ಪಾಠದಲ್ಲಿ ಅಂಗೈಯಷ್ಟು. ಆಮೇಲೆ ಒಬ್ಬರು ಅಡ್ಡವಾಗಿ ಬರಬಹುದಾದಷ್ಟು. ಒಳಗೆ ಕತ್ತಲು. ನಾವು ಪಾಠಕ್ಕಿಂತ ಹೆಚ್ಚಾಗಿ ಬಾಗಿಲನ್ನೇ ನೋಡತೊಡಗಿದೆವು. ಬಹಳ ಕಾಲದ ಮೇಲೆ ನಾನು ಆ ಪಾಠಗಳನ್ನು ಹುಡುಕಿ ಮತ್ತೆ ನೋಡಿದೆ. ಬಾಗಿಲು ಕೆಲವುಗಳಲ್ಲಿ ತೆರೆದಿತ್ತು, ಕೆಲವುಗಳಲ್ಲಿ ಮುಚ್ಚಿತ್ತು, ಯಾವ ಕ್ರಮವೂ ಇರಲಿಲ್ಲ. ಫೋನು ನಮಗೆ ಅವುಗಳನ್ನು ತಂದುಕೊಟ್ಟ ಸರದಿಯಲ್ಲಿ ಅದು ಮೆಲ್ಲನೆ ತೆರೆದಿತ್ತು. ಅಥವಾ ಸರದಿಯನ್ನೂ ನಾನೇ ಈಗ ಜೋಡಿಸುತ್ತಿರಬಹುದು. ಕ್ರಮ ತಪ್ಪಿಸಿ ನೋಡಿದರೆ ಅದು ಬರೀ ಗಾಳಿಗೆ ಆಡುವ ಬಾಗಿಲು. ನನ್ನ ಈ ಮಳೆಗಾಲವನ್ನೂ ಹಾಗೆ ಕಲಸಿ ನೋಡಿದರೆ ಏನು ಉಳಿಯುತ್ತದೋ.

ಒಂದು ಸಂಜೆ ಟೀಚರಮ್ಮ ಬೇರೆ ಮುಖ ಮಾಡಿಕೊಂಡು ಬಂದರು. “ಐ ಆಮ್ ಸಾರಿ ಫಾರ್ ಯುವರ್ ಲಾಸ್. ನಿಮ್ಮ ಮನೆಯವರು ತೀರಿಕೊಂಡಿದ್ದಕ್ಕೆ ನನಗೆ ದುಃಖವಾಗಿದೆ. ಈಗ ನೀವು ಹೇಳಿ.” ಅತ್ತಿಗೆ ಅದನ್ನು ಕೊನೆಯ ತನಕ ನೋಡಿ, ಆಮೇಲೆ ತಳ್ಳಿಬಿಟ್ಟಳು. ಮರುದಿನ ಫೋನು ತೆರೆದ ಕೂಡಲೇ ಅದೇ ಪಾಠ.

“ಎರಡನೇ ಸಲ ಬಂತು” ಎಂದಳು. ಅವಳ ದನಿ ತಣ್ಣಗಿತ್ತು.

“ನಿನ್ನೆ ನೀವು ತಡೆದು ನೋಡಿದ್ರಿ. ತಡೆದು ನೋಡಿದ್ದನ್ನೇ ಇದು ಮತ್ತೆ ತರ್ತದೆ. ಅದರ ಸ್ವಭಾವ.”

“ತಡೀದೇ ಇನ್ನೆಂತ ಮಾಡೂದು?”

ಅವಳು ಬೆರಳಿನಿಂದ ಅದನ್ನು ತಳ್ಳಲು ನೋಡಿದಳು. ಗೇರೆಣ್ಣೆಯ ಬೆರಳು, ಮೇಲೆ ಮಳೆಯ ತೇವ. ಜಾರಿತೇ ಹೊರತು ವಿಡಿಯೊ ಸರಿಯಲಿಲ್ಲ. ಮೂರನೆಯ ಸಲವೂ ಕೇಳಿತು. ಅತ್ತಿಗೆ ಫೋನನ್ನು ಮಗುಚಿ ಅಕ್ಕಿ ಚೀಲದ ಮೇಲೆ ಇಟ್ಟು ಅದರ ಮೇಲೆ ಟವೆಲು ಹಾಕಿದಳು. ಟವೆಲಿನ ಅಡಿಯಿಂದ ಟೀಚರಮ್ಮ ನಮಗೆ ದುಃಖ ಹೇಳುತ್ತಲೇ ಇದ್ದರು. ನಾನು ಎದ್ದು ಹೋಗಿ ಅದನ್ನು ಬಂದ್ ಮಾಡಬಹುದಿತ್ತು. ನಾವಿಬ್ಬರೂ ಕುಳಿತಲ್ಲೇ ಇದ್ದೆವು. ಅಷ್ಟರಲ್ಲಿ ಅಬ್ಬೆ ದೀಪ ಹಿಡಿದುಕೊಂಡು ಒಳಗಿನಿಂದ ಬಂದಳು.

“ಯಾರೇ ಅದು, ಆಗಿಂದ ಕರೀತಾ ಇದ್ದದ್ದು? ಎರಡು ಸಲ ಆತು. ಓ ಅನ್ನೂಕೆ ನಿಮಗೆಂತ ಆತು?”

ನಾವು ಚೀಲದ ಕಡೆ ನೋಡಿದೆವು. ಕನ್ನಡದ ಸಾಲು ಅವಳಿಗೂ ಕೇಳಿಸಿತು. ಅಬ್ಬೆ ದೀಪವನ್ನು ಕೆಳಗಿಟ್ಟು, ಚೀಲದತ್ತ ಬಗ್ಗಿ, ದಾರಿ ತಪ್ಪಿ ಬಂದವರಿಗೆ ಹೇಳುವಂತೆ ಹೇಳಿದಳು: “ನಮ್ಮನೇಲಿ ಯಾರೂ ಸತ್ತಿಲ್ಲ. ಬೇರೆ ಮನೆ ನೋಡಿ.”

ಫೋನು ಸುಮ್ಮನಾಯಿತು. ಚಾರ್ಜು ಮುಗಿದಿತ್ತು ಎಂದು ನಾನು ಈಗ ಬರೆಯುತ್ತೇನೆ. ಅವತ್ತು ಯಾರೂ ಎತ್ತಿ ನೋಡಲಿಲ್ಲ.

ಅದಾದ ಮೇಲೆ ಅತ್ತಿಗೆ ಇನ್ನು ಕಲಿತದ್ದು ಸಾಕು ಎಂದಳು. ಒಂದು ರಜೆಯ ದಿನ ಕಂಪನಿಗೆ ಫೋನು ಮಾಡಲು ಹೊರಟೆವು. ನಮ್ಮ ಜಗಲಿಯಲ್ಲಿ ವಿಡಿಯೊ ಹೇಗೋ ತೆರೆದುಕೊಳ್ಳುತ್ತದೆ, ಆದರೆ ಫೋನಿನ ಮಾತು ನಡುನಡುವೆ ಕಡಿಯುತ್ತದೆ, ಅದಕ್ಕೆ ಕಡಲ ಕಲ್ಲಿನ ಗೋಡೆಯ ಹತ್ತಿರ ಹೋಗಬೇಕು. ಅಲೆಗಳು ಕಲ್ಲಿಗೆ ಬಡಿದು ಮುಖದ ಮೇಲೆ ಉಪ್ಪು ಚಿಮುಕಿಸುತ್ತಿದ್ದವು. ರಿಂಗಾಯಿತು. ಆಚೆಯವನು ಎತ್ತಿ, “ಹಲೋ?” ಎಂದ.

ಅತ್ತಿಗೆ ಸುಮ್ಮನಿದ್ದಳು.

ನಾನು ಅವಳ ತೋಳು ಚಿವುಟಿದೆ. ಅವಳು ಕಣ್ಣಲ್ಲೇ, ತಡೆ, ಎಂದಳು. ಎರಡನೆಯದಕ್ಕೆ ಕಾಯುತ್ತಿದ್ದಳು. ಕಡಲ ಕಡೆಗೆ ಮುಖ ಮಾಡಿ ನಿಂತಿದ್ದಾಗ, ಕಾಣದ ಗಂಡಸಿನ ದನಿಯೊಂದು ಒಂದು ಸಲ ಕರೆದಿತ್ತು. ಆಚೆಯವನು ಎರಡನೆಯ ಸಲ ಕರೆಯಲಿಲ್ಲ. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮರುದಿನದಿಂದ ಆ ನಂಬರೇ ಚಾಲ್ತಿಯಲ್ಲಿಲ್ಲ ಎಂದು ಬರತೊಡಗಿತು.

ನಾನು ಅವತ್ತು ಕೂಗಾಡಿದೆ. “ಅಲ್ಲಿ ಅಣ್ಣ ಇದಾನೋ ಇಲ್ವೋ ಗೊತ್ತಿಲ್ಲ, ನೀವು ಇಲ್ಲಿ ಭೂತ ಪಿಶಾಚಿ ಅಂತ ಕೂತಿದೀರಿ” ಎಂದೆ.

ಅತ್ತಿಗೆ ಒಲೆಯ ಬೂದಿ ಎಳೆಯುತ್ತಿದ್ದಳು. ತಿರುಗದೆಯೇ ಹೇಳಿದಳು. “ಹ್ಞೂಂ ಅಂದಿದ್ರೆ, ಅದು ನಿನ್ನ ಅಣ್ಣನೇ ಕಡಲೊಳಗಿಂದ ಕರೆದದ್ದಾಗಿದ್ರೆ? ನಾನು ಓ ಅಂದ್ರೆ ಅಂವ ಹೋಗಿದ್ದು ಹೌದು ಅಂತ ಆಗ್ತಿತ್ತು. ನಿಂಗೆ ಅದು ಗೊತ್ತಾಗೂದಿಲ್ಲ.”

ನನಗೆ ಗೊತ್ತಾಯಿತು.

ಅಣ್ಣನಿಗೆ ಈ ಕೆಲಸ ಕೊಡಿಸಿದವರ ಮನೆ ಭಟ್ಕಳದ ಪಕ್ಕದ ಜಾಲಿಯಲ್ಲಿತ್ತು. ಅವರೂ ಗಲ್ಫಿನಲ್ಲೇ ಇರುವವರು, ಮನೆಯಲ್ಲಿ ಅವರ ತಾಯಿ ಇದ್ದರು. ಅತ್ತಿಗೆ ಮತ್ತು ನಾನು ಭಟ್ಕಳದಲ್ಲಿ ಬಸ್ಸಿಳಿದು ಹುಡುಕಿಕೊಂಡು ಹೋದೆವು. ಆ ಅಜ್ಜಿ ನಮ್ಮ ಜೊತೆ ಕನ್ನಡ, ಒಳಗಿನವರ ಜೊತೆ ನವಾಯತಿ, ಅಂಗಡಿಯ ಹುಡುಗನ ಜೊತೆ ಉರ್ದು ಮಾತಾಡಿ, ಮೂರರಲ್ಲೂ ಚಹಾ ಬೇಗ ಬರಲಿಲ್ಲ ಎಂದು ಬೈದರು. ಅತ್ತಿಗೆ ನಡೆದದ್ದನ್ನು ಹೇಳಿದಳು, ಒಂದೇ ಕರೆಗೆ ಓಗೊಡದೆ ಇದ್ದದ್ದನ್ನೂ. ಅಜ್ಜಿ ನಗಲಿಲ್ಲ.

“ನಮ್ಮ ಈ ಕೇರಿಯಲ್ಲಿ ಗಂಡಸ್ರೆಲ್ಲ ಫೋನಿನೊಳಗೇ ಇರೂದು ಮಗಾ” ಎಂದರು. “ನಾವು ಮೊದಲ್ನೇ ರಿಂಗಿಗೇ ಎತ್ತಬೇಕು. ತಡ ಆದ್ರೆ ಅಲ್ಲಿ ಅವರಿಗೆ ಜೀವ ಹೋಗ್ತದೆ, ಮನೇಲಿ ಎಂತದೋ ಆಯ್ತು ಅಂತ. ನಿಮಗೆ ಇಲ್ಲಿಯ ಹೆದರಿಕೆ. ನಮಗೆ ಅಲ್ಲಿಯವರ ಹೆದರಿಕೆ.” ಮಗನಿಗೆ ಅಲ್ಲೇ ಫೋನು ಮಾಡಿ, ಆ ಹಡಗಿನ ಕೆಲಸ ನೋಡಿಕೊಳ್ಳುವ ಬೇರೊಬ್ಬರ ನಂಬರು ಕೇಳಿ ಕೊಟ್ಟರು. ಬಾಗಿಲ ತನಕ ಬಂದು ಅತ್ತಿಗೆಯ ಕೈ ಹಿಡಿದು, ಆ ಬೆರಳುಗಳನ್ನು ನೋಡಿ, ಒಂದು ಎಣ್ಣೆಯ ಬಾಟಲಿ ಕೊಟ್ಟು ಕಳಿಸಿದರು.

ಬರುವಾಗ ಬಸ್ಸಿನಲ್ಲಿ, ಮುರುಡೇಶ್ವರ ದಾಟುವಾಗ ಅತ್ತಿಗೆ, “ಅವರ ಸಮುದ್ರವೂ ಇದೇ ಅಲ್ದನೇ?” ಎಂದಳು. ಹೊನ್ನಾವರದ ಹತ್ತಿರ ಅವಳ ಮುಖ ಸಡಿಲವಾಯಿತು. “ಶೈಲಾ, ಇಂಗ್ಲಿಷಲ್ಲಿ ಓ ಅಂದ್ರೆ ಅದು ಓ ಅಲ್ಲ. ನಮ್ಮ ಕಡಲಲ್ಲಿ ಹೋದವ್ರು ಯಾರು ಇಂಗ್ಲಿಷ್ ಕಲ್ತಿದ್ರು? ನಮ್ಮ ಕೇರಿ ದ್ಯಾವಣ್ಣ ಕಲ್ತಿದ್ನಾ? ನಿನ್ನ ಅಜ್ಜ ಕಲ್ತಿದ್ರಾ? ಮೊದಲ್ನೇ ಸಲಕ್ಕೇ ಇಂಗ್ಲಿಷಲ್ಲಿ ಹೇಳಿದ್ರೆ ಅವರಿಗೆ ಎಂತ ಗೊತ್ತಾಗ್ತದೆ?” ನಾನು ನಕ್ಕೆ. ಅವಳೂ ನಕ್ಕಳು. ತುಂಬಾ ದಿನಗಳ ಮೇಲಿನ ನಗು ಅದು. ಮುಂದಿನ ಸೀಟಿನವರು ತಿರುಗಿ ನೋಡಿದರು. ಆ ನಗುವನ್ನು ನೆನೆದರೆ ಈಗ ನನಗೆ ಚಳಿಯಾಗುತ್ತದೆ.

ಮತ್ತೆ ಅದೇ ಕಲ್ಲಿನ ಗೋಡೆ. ಫೋನಿನ ದನಿಯನ್ನು ನನಗೂ ಕೇಳುವಂತೆ ಜೋರು ಮಾಡಿಟ್ಟಿದ್ದೆವು. ಎತ್ತಿದವನು ದೂರದಿಂದ ಕೇಳಿದ, “ಹಲೋ, ಕ್ಯಾನ್ ಯೂ ಹಿಯರ್ ಮಿ?” ಪಾಠದ ಅದೇ ಮಾತು. ಅವನು ಮುಗಿಸುವ ಮೊದಲೇ ಅತ್ತಿಗೆ ಕಡಲಿನ ಕಡೆ ಮುಖ ಮಾಡಿ ಕೂಗಿ ಹೇಳಿದಳು: “ಯೆಸ್, ಐ ಕ್ಯಾನ್ ಹಿಯರ್ ಯೂ. ಐ ಆಮ್ ಮಂಜುನಾಥ್ ವೈಫ್.”

ಅವನು ತಾಳ್ಮೆಯ ಮನುಷ್ಯ. ನಾನು ಪಕ್ಕದಿಂದ ಪಿಸುಗುಟ್ಟುವುದು ಅವನಿಗೂ ಕೇಳಿಸಿರಬೇಕು, ಆದರೂ ಆಕ್ಷೇಪಿಸಲಿಲ್ಲ. ಹಡಗಿನ ಮಾಲೀಕರು ಹಡಗನ್ನೂ ಅದರಲ್ಲಿದ್ದವರನ್ನೂ ಕೈಬಿಟ್ಟಿದ್ದಾರೆ, ಅದು ಬಂದರಿನ ಹೊರಗೆ ಲಂಗರು ಹಾಕಿ ನಿಂತಿದೆ, ಹಡಗಿನವರ ಫೋನುಗಳು ನಡೆಯುವುದಿಲ್ಲ, ಊಟ ನೀರು ದೋಣಿಯಲ್ಲಿ ಕಳಿಸುತ್ತಿದ್ದೇವೆ, ಇಳಿಸಲು ಅಪ್ಪಣೆ ಸಿಗಬೇಕು. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅತ್ತಿಗೆ ತಲೆ ತಗ್ಗಿಸಿ ಕೇಳಿದಳು. ಆಮೇಲೆ ಯಾವ ಪಾಠದಲ್ಲೂ ಇಲ್ಲದ ಒಂದು ಮಾತನ್ನು ತಾನೇ ಕಟ್ಟಿದಳು.

“ಯೂ ಸೀ ಹಿಮ್? ಯುವರ್ ಐಸ್?” ನಿನ್ನ ಕಣ್ಣಿಂದ ಅವನನ್ನು ನೋಡಿದೆಯಾ?

ಅವನು, “ಯೆಸ್ ಮೇಡಮ್. ಹೀ ಈಸ್ ವೆರಿ ಥಿನ್” ಎಂದ.

“ಥಿನ್ ಅಂದ್ರೆ ಎಂತ?”

“ಸೊರಗಿದಾನೆ ಅಂತ. ಬಡಕಲಾಗಿದಾನೆ.”

ಅತ್ತಿಗೆ ಕಲ್ಲಿನ ಮೇಲೆ ಕುಳಿತಳು. “ಹಾಗಾರೆ ಇದಾನೆ” ಎಂದಳು. “ಸೊರಗೂಕೆ ಮನುಷ್ಯ ಇರಬೇಕಲೆ.”

ಚೌತಿ ಕಳೆದ ಮೇಲೆ ಅಣ್ಣ ಬಂದ. ಕುಮಟೆಯ ಸ್ಟೇಶನ್ನಿನಲ್ಲಿ ನಾನು ಅವನನ್ನು ನೋಡಿಯೂ ಗುರುತಿಸದೆ ಮುಂದಿನ ಡಬ್ಬಿಯ ಕಡೆ ನಡೆದಿದ್ದೆ. ಮರುದಿನ ಅಬ್ಬೆ ಹರಕೆ ಹೇಳಿಕೊಂಡಿದ್ದಂತೆ ಎಲ್ಲರೂ ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಹೋಗಿಬಂದೆವು. ಅಣ್ಣ ಹೆಚ್ಚು ಮಾತಾಡುತ್ತಿರಲಿಲ್ಲ. ಕರೆದರೆ ತಡವಾಗಿ ತಿರುಗುತ್ತಿದ್ದ. ಒಂದು ಸಂಜೆ ಜಗಲಿಯಲ್ಲಿ ತಾನಾಗಿಯೇ ಹೇಳಿದ.

“ನಮ್ಮ ಸಂಗ್ತಿಗೆ ಒಬ್ಬ ಅಡಿಗೆಯಂವ ಇದ್ದ. ಎಲ್ಲಿಯದೋ ದ್ವೀಪದಂವ. ನಮಗೂ ಅವಂಗೂ ಇಂಗ್ಲಿಷೇ ಗತಿ. ದಿನಾ ಸಂಜೆ ಮೇಲೆ ಹೋಗಿ, ದೂರ ಯಾವ್ದಾದ್ರೂ ದೋಣಿ ಕಂಡ್ರೆ ‘ಕ್ಯಾನ್ ಯೂ ಹಿಯರ್ ಮಿ’ ಅಂತ ಕೂಗ್ತಿದ್ದ. ಒಂದೇ ಸಲ. ಎರಡನೇ ಸಲಕ್ಕೆ ತ್ರಾಣ ಇರ್ತಿರ್ಲಿಲ್ಲ. ಒಂದಿನ ದೋಣಿ ಇಲ್ದಿದ್ರೂ ಕೂಗ್ದ. ನಾವು ಕೆಳಗೆ ಬಿದ್ಕೊಂಡಿದ್ವು. ದಿನಾ ಇದ್ದದ್ದೇ ಅಂತ ಯಾರೂ ಎದ್ದು ಹೋಗ್ಲಿಲ್ಲ. ಬೆಳಿಗ್ಗೆ ಹಡಗಲ್ಲಿ ಅಂವ ಇರ್ಲಿಲ್ಲ.”

“ಅಂವ ನಿಮ್ಮನ್ನ ಕೇಳಿದ್ದಲ್ಲ, ದೋಣಿಯವ್ರನ್ನ” ಎಂದಳು ಅತ್ತಿಗೆ.

“ಅವತ್ತು ದೋಣಿ ಇರ್ಲಿಲ್ಲ ಅಂದೆನಲೆ” ಎಂದ ಅಣ್ಣ.

ಈಗ ಹೇಳುವುದನ್ನು ಆ ಸಂಜೆಯದೇ ಎಂದು ನಾನು ನೆನಪಿಟ್ಟುಕೊಂಡಿದ್ದೇನೆ. ಅತ್ತಿಗೆ, ಅಲ್ಲ, ಅದು ಎರಡು ಮೂರು ದಿನ ಬಿಟ್ಟು ನಡೆದದ್ದು ಎನ್ನುತ್ತಾಳೆ. ಅಬ್ಬೆಯನ್ನು ಕೇಳಿದರೆ ತನಗೆ ಫೋನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಿಲ್ಲ ಎನ್ನುತ್ತಾಳೆ. ತಟ್ಟಿ ಇನ್ನೂ ಬಿಚ್ಚಿರಲಿಲ್ಲ, ಅದು ಮಾತ್ರ ಖಂಡಿತ. ಮಳೆ ನಿಂತು ಹನಿ ಬೀಳುತ್ತಿತ್ತು. ಅಣ್ಣ ಗೋಡೆಗೆ ಒರಗಿ ಕುಳಿತಿದ್ದ. ತಟ್ಟಿಯ ಆಚೆಯಿಂದ, ಗಾಳಿಮರಗಳ ಕಡೆಯಿಂದ, ಒಂದು ಗಂಡು ದನಿ, ದಣಿದದ್ದು, ಕೇಳಿತು.

“ಕ್ಯಾನ್ ಯೂ ಹಿಯರ್ ಮಿ?”

ಯಾರದೋ ಮನೆಯ ಫೋನು ಇರಬಹುದು. ನಾನು ಆ ಕ್ಷಣವೇ ಹಾಗೆ ಅಂದುಕೊಂಡೆ. ಕೇರಿಯಲ್ಲಿ ಎಲ್ಲರ ಹತ್ತಿರವೂ ಫೋನಿದೆ, ಇಂಗ್ಲಿಷ್ ಕಲಿಯುವವರು ಅತ್ತಿಗೆ ಒಬ್ಬಳೇ ಅಲ್ಲ, ಗಂಡಸರು ಕಲಿಸುವ ಪಾಠಗಳೂ ಇವೆ. ಪಾಠವಾಗಿದ್ದರೆ ಕನ್ನಡದ ಅರ್ಥ ಬರಬೇಕಿತ್ತು. ಬರಲಿಲ್ಲ. ಪಾಠವಾಗಿದ್ದರೆ ತಿರುಗಿ ಬಂದು ಮತ್ತೆ ಕೇಳಬೇಕಿತ್ತು. ನಾವು ಕಿವಿಗೊಟ್ಟು ಕಾದೆವು. ಹನಿ ಬೀಳುವುದು, ಅಲೆ, ಮತ್ತೆ ಹನಿ.

ಅಣ್ಣ ಎದ್ದು ನಿಂತಿದ್ದ. ಅವನ ಬಾಯಿ ತೆರೆದಿತ್ತು. ಅತ್ತಿಗೆ ಎರಡೇ ಹೆಜ್ಜೆಗೆ ಹೋಗಿ ಅದರ ಮೇಲೆ ಕೈ ಇಟ್ಟಳು. ಅವನು ಕೈ ಬಿಡಿಸಿಕೊಳ್ಳಲು ನೋಡಲಿಲ್ಲ. ಆದರೆ ಕಣ್ಣು ತಟ್ಟಿಯ ಮೇಲೇ ಇತ್ತು. ಅಷ್ಟು ದೂರ ಬಂದು ಕೇಳಿದವನಿಗೆ ಈ ಸಲವೂ ಯಾರೂ ಉತ್ತರ ಕೊಡಲಿಲ್ಲವಲ್ಲ ಎಂಬಂತೆ ಅವನ ಎದೆ ಏರಿ ಇಳಿಯುತ್ತಿತ್ತು.

“ಶೈಲಾ, ಫೋನು ತಾ” ಎಂದಳು ಅತ್ತಿಗೆ. “ಆ ಪಾಠ ಹಚ್ಚು. ಜೋರಾಗಿ.”

ನಾನು ಹುಡುಕಿ ಹಚ್ಚಿ, ಫೋನನ್ನು ತಟ್ಟಿಯ ಬುಡದಲ್ಲಿ ಇಟ್ಟೆ. ಟೀಚರಮ್ಮ ಕೇಳಿದರು: “ಕ್ಯಾನ್ ಯೂ ಹಿಯರ್ ಮಿ? ನನ್ನ ಮಾತು ನಿಮಗೆ ಕೇಳಿಸುತ್ತಿದೆಯಾ? ಈಗ ನೀವು ಹೇಳಿ.” ಅವರ ಹಿಂದಿನ ಬಾಗಿಲು ಈ ಪಾಠದಲ್ಲಿ ಪೂರ್ತಿ ತೆರೆದಿತ್ತು. ಅವರು ನೆಟ್ಟಗೆ ಕಾದರು. ಅತ್ತಿಗೆಯ ಕೈ ಅಲ್ಲಾಡಲಿಲ್ಲ.

ವಿಡಿಯೊ ತಿರುಗಿ ಬಂತು. ಎರಡನೆಯ ಸಲ ಕೇಳಿತು.

ಅತ್ತಿಗೆ ಕೈ ತೆಗೆದಳು.

“ಯೆಸ್” ಎಂದ ಅಣ್ಣ, ತಟ್ಟಿಗೆ ಮುಖ ಮಾಡಿ, ಒಣಗಿದ ಗಂಟಲಿನಲ್ಲಿ. “ಐ ಕ್ಯಾನ್ ಹಿಯರ್ ಯೂ.”

ಮೂರನೆಯ ಸಲ ಕೇಳುವ ಮೊದಲೇ ಅತ್ತಿಗೆ ಬಗ್ಗಿ ಫೋನನ್ನು ಆರಿಸಿದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು.

“ಆತು” ಎಂದಳು. “ಇನ್ನು ಒಳಗೆ ಬನ್ನಿ. ಗಂಜಿ ಆರ್ತದೆ.”